ಕರೋನ್ ಅಂದರೆ ಈಗಲೋ, ಆಮೇಲೋ?

'ಇಗೋ ಬಂದೆ' ಎಂದವರು ಇನ್ನೂ ಸ್ನಾನಕ್ಕೇ ಹೋಗಿರುವುದಿಲ್ಲ. ಅದನ್ನು ಸಹಿಸಿಕೊಂಡೇ ಬೆಳೆದವರು ನಾವು. ಆದರೆ ಅಲ್ಲಿ ತಪ್ಪು ಮನುಷ್ಯರದು, ಪದ ಪಾಪ ನೆಟ್ಟಗೇ ಇದೆ. ಫಿಲಿಪ್ಪೀನ್ಸ್‌ನ ನೆಗ್ರೋಸ್ ದ್ವೀಪದಲ್ಲಿ ಪದವೇ ಕೈಕೊಡುತ್ತದೆ. ಆ ಪದ 'ಕರೋನ್'. (ರೋಗವಲ್ಲ, ಮಾಸ್ಕ್ ಬೇಡ.)

ದ್ವೀಪದ ಪೂರ್ವಕ್ಕೆ ದುಮಾಗೆತೆ ಊರು. ಅಲ್ಲಿನ ಸೆಬುವಾನೊ ನುಡಿಯಲ್ಲಿ ಕರೋನ್ ಎಂದರೆ ಈಗ. ಪಶ್ಚಿಮಕ್ಕೆ ಬಕೊಲೊಡ್. ಅಲ್ಲಿನ ಹಿಲಿಗೈನೊನ್ ನುಡಿಯಲ್ಲಿ ಕರೋನ್ ಎಂದರೆ ಆಮೇಲೆ. 'ಈಗ' ಎನ್ನಲು 'ಸುಬೋಂಗ್' ಅಂತ ಬೇರೆಯೇ ಇದೆ. ಬಸ್ಸು ಮಬಿನಾಯ್ ಕಡೆಯ ಬೆಟ್ಟ ಹತ್ತಿಳಿಯುವಾಗ ಯಾವುದೋ ತಿರುವಿನಲ್ಲಿ 'ಈಗ' ಹೋಗಿ 'ಆಮೇಲೆ' ಆಗಿಬಿಟ್ಟಿರುತ್ತದೆ. ಕಂಡಕ್ಟರ್ ಕೂಗಿ ಹೇಳುವುದಿಲ್ಲ. ನಕ್ಷೆ ನೋಡಿಕೊಳ್ಳೋಣವೆಂದರೆ, ಪಶ್ಚಿಮ ಪ್ರಾಂತ್ಯಕ್ಕೇ ಸೇರಿದ ಸಾನ್ ಕಾರ್ಲೊಸ್‌ನವರು ಆಡುವುದು ಸೆಬುವಾನೊ!

ಈ ಜಗಳ ಅಡುಗೆಮನೆಯಲ್ಲಿ ನೋಡಬೇಕು. ಅಕ್ಕಿ ತೊಳೆದು, ಅದರ ಮೇಲೆ ಬೆರಳಿನ ಒಂದು ಗೆಣ್ಣು ಮುಳುಗುವಷ್ಟು ನೀರಿಟ್ಟು, ಕುದಿ ಬಂದಮೇಲೆ ಉರಿ ಸಣ್ಣ ಮಾಡಿದ್ದಾಯಿತು. ನೀರು ಇಂಗಿತು. ದುಮಾಗೆತೆಯ ಅತ್ತೆ ಹೇಳುತ್ತಾರೆ: 'ಪಲೋಂಗಾ ಕರೋನ್'. ಒಲೆ ಈಗ ಆರಿಸು ಅಂತ. ಬಕೊಲೊಡ್‌ನ ಸೊಸೆಗೆ ಪಲೋಂಗಾ ಸರಿಯಾಗಿಯೇ ಕೇಳಿಸುತ್ತದೆ, ಏಕೆಂದರೆ ಆರಿಸುವ ಮಾತು ಎರಡೂ ನುಡಿಗಳಲ್ಲಿ ಒಂದೇ. ಕೆಡುವುದು ಕೊನೆಯ ಪದದಲ್ಲಿ. 'ಆಮೇಲೆ ಆರಿಸು' ಎಂದುಕೊಂಡು ಆಕೆ ವಿನಯದಿಂದ ಕೂತಿರುತ್ತಾಳೆ. ವಾಸನೆ ಬರುತ್ತದೆ. ಅತ್ತೆ ಬಕೊಲೊಡ್‌ನವರು, ಸೊಸೆ ದುಮಾಗೆತೆಯವಳು ಆದರೆ ಮಾತು ಮುಗಿಯುವ ಮೊದಲೇ ಒಲೆ ಆರಿರುತ್ತದೆ, ಅನ್ನ ಹಲ್ಲಿಗೆ ಸಿಗುತ್ತದೆ. ಹೇಳಿದ್ದನ್ನು ಅಕ್ಷರಶಃ ಪಾಲಿಸಿ ಬೈಸಿಕೊಳ್ಳುವ ಭಾಗ್ಯ ಎರಡೂ ಕಡೆ.

ವಿಚಿತ್ರವೆಂದರೆ, ಕರೋನ್ ಜೊತೆ ರಾತ್ರಿಯ ಪದ ಸೇರಿಸಿ 'ಇವತ್ತು ರಾತ್ರಿ' ಎಂದರೆ ಇಬ್ಬರಿಗೂ ಅರ್ಥ ಒಂದೇ. ಹೊತ್ತು ಹೇಳದೆ ಕರೋನನ್ನು ಒಂಟಿಯಾಗಿ ಬಿಟ್ಟರೇ ತಂಟೆ. ಪೂರ್ವದಲ್ಲಿ ಅವಸರವಿದ್ದರೆ 'ಕರೋನ್ ದಾಯೋನ್' ಅನ್ನಿ, ಈ ಕ್ಷಣವೇ ಎಂದರ್ಥ. ಪಶ್ಚಿಮದಲ್ಲಿ ಸುಬೋಂಗ್ ಒಂದೇ ಗತಿ. ಇನ್ನು ಮನಿಲಾದವರಿಗೆ ಇದರ ಗೊಡವೆಯಿಲ್ಲ, ಅವರದ್ದು ಬೇರೆ ಪಜೀತಿ: ಸಕ್ಕರೆಯಲ್ಲಿ 'ಲಂಗ್ಗಾಮ್' ಇದೆ ಎಂದು ಅವರು ದೂರಿದರೆ ಇರುವೆ, ಸೆಬುವಾನೊದವರು ಡಬ್ಬಿಯಲ್ಲಿ ಹಕ್ಕಿ ಹುಡುಕುತ್ತಾರೆ.

2024ರಲ್ಲಿ ನೆಗ್ರೋಸ್‌ನ ಎರಡೂ ಪ್ರಾಂತ್ಯಗಳನ್ನು ಪಕ್ಕದ ಸಿಕಿಹೋರ್ ಜೊತೆ ಸೇರಿಸಿ ಒಂದೇ ಆಡಳಿತ ವಲಯ ಮಾಡಿದರು. 'ಫೈಲು ಕರೋನ್ ಕಳಿಸಿ' ಎಂದರೆ ಅದು ಯಾವಾಗ ತಲುಪಬೇಕೋ, ಆ ದೇವರೇ ಬಲ್ಲ. ಅದೇ ವರ್ಷ ಇನ್ನೊಂದು ಕಾನೂನು ಬಂದು, ಮೂರನೇ ಕ್ಲಾಸಿನವರೆಗೆ ಮನೆಮಾತಿನಲ್ಲೇ ಪಾಠ ಎಂಬ ಕಡ್ಡಾಯ ತೆಗೆಯಿತು. ಇನ್ನು ಪಾಠ ರಾಷ್ಟ್ರಭಾಷೆ ಫಿಲಿಪಿನೊದಲ್ಲಿ, ಇಂಗ್ಲಿಷ್‌ನಲ್ಲಿ. ಫಿಲಿಪಿನೊದಲ್ಲಿ 'ಈಗ' ಎಂದರೆ 'ಙಯೋನ್' (ಒಂದನೇ ಕ್ಲಾಸಿನಲ್ಲಿ ಕಲಿತು ಮರೆತಿದ್ದ ಙ ಕೊನೆಗೂ ಕೆಲಸಕ್ಕೆ ಬಂತು). ಬೆಟ್ಟದ ಎರಡೂ ಕಡೆಯ ಮಕ್ಕಳು ಙಯೋನ್ ಎನ್ನುತ್ತಾ ಬೆಳೆದರೆ ಅನ್ನವೇನೋ ಸೀಯಲಿಕ್ಕಿಲ್ಲ. ಆದರೆ ಜಗಳವಾಡಲು ಕರೋನ್ ಕೂಡ ಉಳಿಯಲಿಕ್ಕಿಲ್ಲ.

ಅಂದ ಹಾಗೆ, ತಳ ಹಿಡಿದ ಆ ಅನ್ನಕ್ಕೆ ಬೆಟ್ಟದ ಎರಡೂ ಕಡೆ ಒಂದೇ ಹೆಸರು: 'ದುಕೊತ್'. ಅಬ್ಬಾ, ಇಲ್ಲಾದರೂ ಒಮ್ಮತವಿದೆಯಲ್ಲ ಎಂದು ಮನಿಲಾಕ್ಕೆ ಹೋಗಿ ಅದನ್ನೇ ಕೇಳಬೇಡಿ. ಅಲ್ಲಿ ದುಕೊತ್ ಎಂದರೆ ಜೇಬಿಗೆ ಕೈ ಹಾಕಿ ತೆಗೆಯುವುದು. ಜೇಬುಗಳ್ಳನ ಹೆಸರು ಹುಟ್ಟಿದ್ದೂ ಅದರಿಂದಲೇ.