ಗಾಳಿ ಆಡಲಿ ಅಂತ ಕಿಟಕಿ ತೆಗೆದರೆ

ಪ್ರತಿ ಜುಲೈನಲ್ಲಿ ಅಮ್ಮನಿಗೂ ನನಗೂ ಒಂದೇ ಜಗಳ. ಅವರು ಬೇಸ್‌ಮೆಂಟಿನ ಕಿಟಕಿ ತೆಗೆಯುತ್ತಾರೆ, ನಾನು ಹೋಗಿ ಮುಚ್ಚುತ್ತೇನೆ. "ಮುಗ್ಗಲು ವಾಸನೆ ಕಣೋ, ಸ್ವಲ್ಪ ಗಾಳಿ ಆಡಲಿ" ಅನ್ನುತ್ತಾರೆ.

ನಮ್ಮದು ಮೂಡಿಗೆರೆ ಕಡೆ ಇಳಿಜಾರಿನಲ್ಲಿ ಕಟ್ಟಿದ ಮನೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು. ಹಿಂದೆ ಹೋದರೆ ಕೆಳಗೊಂದು ಬೇಸ್‌ಮೆಂಟ್, ಅದರ ಒಂದು ಗೋಡೆ ಪೂರ್ತಿ ಧರೆಗೆ, ಅಂದರೆ ಕಡಿದ ಗುಡ್ಡದ ಮಣ್ಣಿಗೆ, ಒರಗಿದೆ. ಅಜ್ಜನ ಕಾಲದಲ್ಲಿ ಅಡಿಕೆ, ಮೆಣಸು ಎಲ್ಲ ಅಟ್ಟದ ಮೇಲೆ, ಒಲೆ ಹೊಗೆಗೆ. ನಾವು ಬುದ್ಧಿವಂತರು ನೋಡಿ, ಮೆಣಸಿನ ಚೀಲದಿಂದ ಹಿಡಿದು ಹಳೇ ಪುಸ್ತಕದವರೆಗೆ ಎಲ್ಲ ಕೆಳಗೆ ತುಂಬಿದೆವು.

ಮೊದಲ ವರ್ಷ ಆಶ್ಲೇಷ ಮಳೆ ಹೊತ್ತಿಗೆ ಧರೆ ಕಡೆಯ ಗೋಡೆಯಲ್ಲಿ ಬಿಳಿ ಉಪ್ಪು ಎದ್ದಿತು. ಒಳಗಿಂದ ವಾಟರ್‌ಪ್ರೂಫ್ ಬಣ್ಣ ಹೊಡೆಸಿದೆ. ದುಡ್ಡು ದಂಡ. ಮಣ್ಣಿನ ಕಡೆಯಿಂದ ನೀರು ಒತ್ತುತ್ತಿರುವಾಗ ಒಳಗಿನ ಬಣ್ಣ ಎಷ್ಟು ತಡೆದೀತು? ಮುಂದಿನ ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬಿ ಉದುರಿತು.

ಆಮೇಲೆ ಬಂದ ಮೇಸ್ತ್ರಿ ಗೋಡೆ ನೋಡಲೇ ಇಲ್ಲ. ಸೀದಾ ಸೂರು ನೋಡಿದರು. ಸೂರಿನ ನೀರೆಲ್ಲ ಗೋಡೆ ಬುಡಕ್ಕೇ ಬೀಳುತ್ತಿತ್ತು. 1000 ಚದರಡಿ ಸೂರಿನ ಮೇಲೆ 100 ಮಿ.ಮೀ. ಮಳೆ ಅಂದರೆ 9000 ಲೀಟರಿಗೂ ಜಾಸ್ತಿ ನೀರು. ನಮ್ಮ ಕಡೆ ಅದು ಜೋರು ಮಳೆಯ ಒಂದು ದಿನದ ಲೆಕ್ಕ. ಸೂರಿನ ಅಂಚಿಗೆ ನೀರು ಹಿಡಿಯುವ ದೋಣಿ ಹಾಕಿಸಿ ನೀರನ್ನು ದೂರ ಬಿಟ್ಟೆವು. ಬೇಸಿಗೆಯಲ್ಲಿ ಗೋಡೆಯ ಹೊರಗೆ ಚರಂಡಿ ತೋಡಿ, ತೂತಿನ ಪೈಪು ಇಟ್ಟು ಸುತ್ತ ಜಲ್ಲಿ ತುಂಬಿದೆವು. ಜಲ್ಲಿಗೆ ಮಣ್ಣು ಸೇರದ ಹಾಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿದೆವು. ಇದರಲ್ಲಿ ಮಾತ್ರ ಜುಗ್ಗತನ ಬೇಡ, ಬಟ್ಟೆ ಇಲ್ಲದಿದ್ದರೆ ಪೈಪು ಕೆಸರು ಕಟ್ಟುತ್ತದೆ.

ಗೋಡೆ ಒಣಗಿತು. ಆದರೆ ಮಳೆ ಹಿಡಿದ ಮೇಲೆ ನೆಲ ಮತ್ತೆ ಬೆವರಿತು! ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೊಂದು, ಗೋಡೆಗೊಂದು ಸುತ್ತ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಟ್ಟೆ. ಹಾಳೆಯ ಅಡಿಯಲ್ಲಿ ನೀರಿದ್ದರೆ ಮಣ್ಣಿನದ್ದು, ಮೇಲಿದ್ದರೆ ಗಾಳಿಯದ್ದು. ನಮ್ಮಲ್ಲಿ ಎರಡೂ ಹಾಳೆಯಲ್ಲಿ ನೀರು ಮೇಲೆಯೇ ಇತ್ತು.

ಅಂದರೆ ಆ ನೀರನ್ನು ಒಳಗೆ ಕರೆತಂದದ್ದು ನಾವೇ, ಕಿಟಕಿ ತೆಗೆದು. ಹೊರಗೆ 24 ಡಿಗ್ರಿ ಇದ್ದು, ಗಾಳಿಯಲ್ಲಿ ಶೇ. 90 ತೇವ ಇದ್ದರೆ, 22 ಡಿಗ್ರಿಯ ತಣ್ಣನೆ ನೆಲ ತಾಗಿದ ಕೂಡಲೇ ಅದು ನೀರಾಗುತ್ತದೆ. ತಂಬಿಗೆಯ ತಣ್ಣೀರಿನ ಹೊರಮೈ ಬೆವರುತ್ತದಲ್ವಾ, ಅದೇ. ಕಾಫಿಯವರಾದ ನಮಗೆ ಇದು ಹೊಳೆಯಬೇಕಿತ್ತು. ಮಂಗಳೂರಿನ ಕಡೆ ಮಾನ್ಸೂನ್ಡ್ ಮಲಬಾರ್ ಅನ್ನುವ ಕಾಫಿ ಮಾಡುವವರು ಗೋಡೌನಿಗೆ ಮುಂಗಾರಿನ ಗಾಳಿ ಬಿಟ್ಟೇ ಬೀಜ ಉಬ್ಬಿಸಿ ಹಳದಿ ಮಾಡುತ್ತಾರೆ. ನಾವು ಪುಕ್ಕಟೆಯಾಗಿ ಮೆಣಸಿಗೆ, ಪುಸ್ತಕಕ್ಕೆ ಅದನ್ನೇ ಮಾಡುತ್ತಿದ್ದೆವು.

ಎಕ್ಸಾಸ್ಟ್ ಫ್ಯಾನ್ ಹಾಕಿ ಅಂದರು ಕೆಲವರು. ಅದು ಒಳಗಿನ ಗಾಳಿ ಹೊರಗೆ ತಳ್ಳಿದಷ್ಟೂ ಹೊರಗಿನ ಒದ್ದೆ ಗಾಳಿ ಒಳಗೆ ಬರುತ್ತದೆ. ಕೆಂಡ ಇಡಿ ಅಂದವರೂ ಇದ್ದಾರೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಜೀವಕ್ಕೇ ಕುತ್ತು, ಬೇಡ. ಈಗ ಜೂನ್‌ನಿಂದ ಕಿಟಕಿ ಬಂದ್. ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್, ಪಕ್ಕದಲ್ಲಿ ತೇವ ಅಳೆಯುವ ಸಣ್ಣ ಮೀಟರ್. ಶೇ. 60 ದಾಟದ ಹಾಗೆ ನೋಡಿಕೊಳ್ಳುತ್ತೇನೆ. ಚೀಲಗಳು ಮರದ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ. ಕರೆಂಟ್ ಬಿಲ್ ಜಾಸ್ತಿ, ಒಪ್ಪುತ್ತೇನೆ. ಡಿಸೆಂಬರ್ ಬಿಸಿಲಿಗೆ ಎಲ್ಲ ಕಿಟಕಿ ನಾನೇ ತೆಗೆಯುತ್ತೇನೆ.

ನಿನ್ನೆ ಮೀಟರ್ 78 ತೋರಿಸಿತು. ಹೋಗಿ ನೋಡಿದರೆ ಕಿಟಕಿ ತೆರೆದಿತ್ತು. "ಒಂದೇ ಒಂದು ಗಳಿಗೆ ತೆಗೆದಿದ್ದೆ ಕಣೋ" ಅಂದರು ಅಮ್ಮ.