ಒಂದೇ ಊರಿನಲ್ಲಿ ಮೂರು ರಾತ್ರಿ

ಒಬ್ಬರೇ ಪ್ರವಾಸ ಹೊರಡಬೇಕೆಂದಿರುವ ಗೆಳತಿಯರು ನನ್ನ ಬಳಿ ಬರುವಾಗ ಸಾಮಾನ್ಯವಾಗಿ ಒಂದು ಚೀಟಿ ಹಿಡಿದುಕೊಂಡೇ ಬರುತ್ತಾರೆ. ನಾಲ್ಕು ದಿನದ ರಜೆಗೆ ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ ಎಂದು ಐದು ಹೆಸರುಗಳನ್ನು ಸಾಲಾಗಿ ಬರೆದಿರುತ್ತಾರೆ. ಹಂಪಿಯನ್ನೂ ವಿಜಯಪುರವನ್ನೂ ಮುಂದಿನ ರಜೆಗೆ ಇಟ್ಟುಕೊಳ್ಳಿ, ಬಾದಾಮಿಯಲ್ಲಿ ಮೂರು ರಾತ್ರಿ ತಂಗಿ, ಉಳಿದೆರಡು ಊರುಗಳಿಗೆ ಅಲ್ಲಿಂದಲೇ ಹೋಗಿಬನ್ನಿ ಎಂಬುದು ನಾನು ಹೇಳುವ ಮೊದಲ ಮಾತು. ಇಷ್ಟು ದೂರ ಹೋಗಿ ಒಂದೇ ಊರೇ ಎಂದು ಅವರ ಮುಖ ಸಣ್ಣದಾಗುತ್ತದೆ. ನನ್ನ ಅಭಿಪ್ರಾಯ ಮಾತ್ರ ಇಷ್ಟು ವರ್ಷಗಳಲ್ಲಿ ಗಟ್ಟಿಯಾಗುತ್ತಲೇ ಬಂದಿದೆ. ಒಂಟಿಯಾಗಿ ತಿರುಗುವವರಿಗೆ ಊರು ಪರಿಚಯವಾಗುವುದು ಎರಡನೆಯ ದಿನದ ಸಂಜೆಯ ಹೊತ್ತಿಗೆ. ಅದಕ್ಕೆ ಮೊದಲೇ ಚೀಲ ಕಟ್ಟಿದರೆ ನಾವು ಕಂಡಿದ್ದು ಕಲ್ಲುಗಳನ್ನು ಮಾತ್ರ.

ಮೊದಲು ತಲುಪುವ ದಾರಿಯನ್ನು ಹೇಳುತ್ತೇನೆ. ಹುಬ್ಬಳ್ಳಿಯಿಂದ ಬಾದಾಮಿಗೆ ನೇರ ಬಸ್ಸು ಸಿಗದಿದ್ದರೆ ನಿಲ್ದಾಣದಲ್ಲಿ ಕಾಯುತ್ತ ಕೂರಬೇಡಿ. ನರಗುಂದದ ಮೇಲೆ ವಿಜಯಪುರಕ್ಕೆ ಹೋಗುವ ಬಸ್ಸು ಹತ್ತಿ ಕುಳಗೇರಿ ಕ್ರಾಸಿನಲ್ಲಿ ಇಳಿದುಕೊಂಡರೆ ಅಲ್ಲಿಂದ ಬಾದಾಮಿಗೆ ಬೇರೆ ಬಸ್ಸು ಸಿಗುತ್ತದೆ. ರೈಲಿನಲ್ಲಿ ಹೋಗುವವರು ನೆನಪಿಡಬೇಕಾದ್ದು, ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ ಎಂಬುದನ್ನು. ರೈಲು ಇಳಿದವರೆಲ್ಲ ಆಟೊದತ್ತ ನಡೆಯುವಾಗ ನೀವೂ ಅವರ ಜೊತೆಗೇ ನಡೆದುಬಿಡಿ. ಹತ್ತು ನಿಮಿಷ ತಡ ಮಾಡಿದರೆ ಇಡೀ ಆಟೊದ ಬಾಡಿಗೆಯನ್ನು ಒಬ್ಬರೇ ಕೊಡಬೇಕಾಗುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನನ್ನಂಥವರ ತಿರುಗಾಟದ ಲೆಕ್ಕಾಚಾರವೇ ಬದಲಾಯಿತು. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ದುಡ್ಡು ಕೊಡಬೇಕಾಗಿಲ್ಲ. ರಾಜಹಂಸ ಮತ್ತು ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಕಂಡಕ್ಟರು ಕೊಡುವ ಶೂನ್ಯ ದರದ ಟಿಕೆಟನ್ನು ಇಳಿಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಿ, ತಪಾಸಣೆಗೆ ಬಂದವರು ಅದನ್ನೇ ಕೇಳುತ್ತಾರೆ. ದುಡ್ಡು ಕೊಟ್ಟು ಹೋಗುವವರು ಚಿಲ್ಲರೆ ಇಟ್ಟುಕೊಂಡಿರಬೇಕು. ಉಳಿದ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದರೆ, ಇಳಿಯುವ ಊರಿಗೆ ಎರಡು ಸ್ಟಾಪು ಮುಂಚೆಯೇ ಕೇಳಿಬಿಡಬೇಕು.

ದಾರಿ ಕೇಳುವುದಕ್ಕೂ ಒಂದು ಕ್ರಮವಿದೆ. ಎಷ್ಟು ದೂರ ಎಂದು ಕೇಳಿದರೆ ಉತ್ತರ ಕರ್ನಾಟಕದ ಯಾವ ಊರಿನಲ್ಲೂ "ಇಲ್ಲೇ ಐತ್ರಿ" ಎಂಬ ಉತ್ತರವೇ ಬರುತ್ತದೆ. ನಡೆದು ಅಭ್ಯಾಸವಿರುವವರಿಗೆ ಅದು ನಿಜವಾಗಿಯೂ ಇಲ್ಲೇ ಇರುತ್ತದೆ. ಆದ್ದರಿಂದ ನಡೆದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದೇ ಕೇಳಬೇಕು. ಬಸ್ಸಿನ ವಿಷಯದಲ್ಲಿ ಹೋಗುವ ಬಸ್ಸಿಗಿಂತ ಬರುವ ಬಸ್ಸನ್ನು ಮೊದಲು ವಿಚಾರಿಸಬೇಕು. ಐಹೊಳೆಯಲ್ಲಿ ಇಳಿಯುವ ಮುನ್ನವೇ "ವಾಪಸ್ ಕಡೇ ಬಸ್ ಎಷ್ಟಕ್ಕೈತ್ರಿ?" ಎಂದು ಕಂಡಕ್ಟರನ್ನು ಕೇಳಿ, ಇಳಿದ ಮೇಲೆ ಚಹಾದಂಗಡಿಯಲ್ಲಿ ಇನ್ನೊಮ್ಮೆ ಕೇಳಿ. ಎರಡೂ ಉತ್ತರ ಬೇರೆಯಾದರೆ ಬೇಗನೆಯದನ್ನೇ ನಂಬಿ. ಬೆಳಿಗ್ಗೆ ಮೊದಲು ಐಹೊಳೆಗೆ ಹೋಗಿ, ಹಿಂದಿರುಗುವಾಗ ಪಟ್ಟದಕಲ್ಲು ನೋಡುವುದೇ ಸರಿಯಾದ ಕ್ರಮ. ಸಂಜೆ ಬಾದಾಮಿಗೆ ಹತ್ತಿರವಾದ ಕಡೆ ಇದ್ದರೆ ಮನಸ್ಸು ನಿರಾಳವಾಗಿರುತ್ತದೆ.

ಐಹೊಳೆಯ ದುರ್ಗ ಗುಡಿಗೆ ದುರ್ಗೆಯ ಹೆಸರಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ ಬಂದ ಹೆಸರು ಎಂಬುದು ಎಲ್ಲರಿಗೂ ತಿಳಿದಿರುವುದಿಲ್ಲ. ಅಲ್ಲಿಗೇ ನಿಲ್ಲಿಸದೆ ಮೇಗುತಿಯ ಗುಡ್ಡವನ್ನೂ ಹತ್ತಿ. ಇಮ್ಮಡಿ ಪುಲಕೇಶಿಯನ್ನು ಕೊಂಡಾಡುವ, ಕಾಳಿದಾಸ ಮತ್ತು ಭಾರವಿಯರ ಹೆಸರಿರುವ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಅಲ್ಲಿಯ ಗೋಡೆಯಲ್ಲಿದೆ. ಪಟ್ಟದಕಲ್ಲಿನಲ್ಲಿ ಪ್ಯಾಕೇಜಿನ ವಾಹನದವರು ವಿರೂಪಾಕ್ಷ ದೇವಾಲಯದ ಮುಂದೆ ಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು, ನಿಂತು ನೋಡಬೇಕಾದದ್ದೇ. ಆದರೆ ಅಲ್ಲಿಂದ ಸ್ವಲ್ಪ ದೂರ ದಕ್ಷಿಣಕ್ಕೆ, ಮಲಪ್ರಭೆಯ ದಿಕ್ಕಿನಲ್ಲಿ ನಡೆದರೆ ಪಾಪನಾಥ ದೇವಾಲಯ ಸಿಗುತ್ತದೆ. ಅದರ ಹೊರಗೋಡೆಯಲ್ಲಿ ರಾಮಾಯಣದ ಕಥೆ ಬಿಡಿಬಿಡಿಯಾಗಿ ಕೆತ್ತಿದೆ. ನಾನು ಹೋದ ಮೂರೂ ಸಲ ಅಲ್ಲಿ ಗುಡಿಯ ಕಾವಲುಗಾರರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಬಾದಾಮಿಯ ಗುಹೆಗಳಿಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಮಾತ್ರ ಬೇಡ. ಅಲ್ಲಿಯ ಕೋತಿಗಳ ಲೆಕ್ಕದಲ್ಲಿ ಪ್ಲಾಸ್ಟಿಕ್ಕಿನ ಸದ್ದು ಎಂದರೆ ತಿಂಡಿ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನವಿದೆ, ಕೆತ್ತನೆಯಲ್ಲೂ ನಾಲ್ಕರಲ್ಲಿ ಅದೇ ಮೇಲು. ಅಗಸ್ತ್ಯ ತೀರ್ಥವೆಂಬ ಕೆರೆಯ ಆಚೆ ದಡದ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ.

ಈ ಪಟ್ಟಿಯಲ್ಲಿ ಇಲ್ಲದ್ದು ಸಿಕ್ಕಿದ್ದು ನನ್ನ ಮೊದಲ ಭೇಟಿಯ ಮೂರನೆಯ ದಿನ. ನೋಡಬೇಕಾದದ್ದೆಲ್ಲ ಮುಗಿದಿತ್ತು. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದೆ. ಅಲ್ಲಿ ಬಟ್ಟೆ ಒಗೆಯುವ ಹೆಂಗಸರು ಸೀರೆಯನ್ನು ಎತ್ತಿ ಕಲ್ಲಿಗೆ ಬಡಿದಾಗ ಒಂದು ಸದ್ದು ಕೇಳುತ್ತದೆ, ಅದು ಎದುರಿನ ಕೆಂಪು ಬಂಡೆಗೆ ತಾಗಿ ಮರಳಿ ಬರುವಷ್ಟರಲ್ಲಿ ಸೀರೆ ಮತ್ತೆ ಮೇಲೆ ಎದ್ದಿರುತ್ತದೆ. ಅವರಲ್ಲೊಬ್ಬರು ನನ್ನನ್ನು ಎರಡು ದಿನದಿಂದ ಗಮನಿಸಿದ್ದರು. "ನಿನ್ನೀನೂ ಬಂದಿದ್ರಲ್ಲ, ಅಕ್ಷರ ಕೆತ್ತಿದ ಬಂಡಿ ನೋಡಿದ್ರೇನು?" ಎಂದು ಕೇಳಿ, ಒದ್ದೆ ಕೈಯಿಂದಲೇ ಈಶಾನ್ಯದ ಕಡೆಗೆ ತೋರಿಸಿದರು. ಅದು ಕಪ್ಪೆ ಅರಭಟ್ಟನ ಶಾಸನ, ಸುಮಾರು 1,300 ವರ್ಷ ಹಳೆಯದು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂಬ ಸಾಲು ಬಂಡೆಯ ಮೈಮೇಲೆ, ಬಿಸಿಲಿನಲ್ಲಿ, ಬೇಲಿಯ ಗಿಡಗಳ ನಡುವೆ ಇತ್ತು. ಆ ಅಕ್ಷರಗಳನ್ನು ನನ್ನಿಂದ ಓದಲಾಗಲಿಲ್ಲ, ಆದರೆ ತ್ರಿಪದಿಯ ಲಯ ಬಾಯಿಗೆ ತಾನಾಗಿ ಬಂತು. ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದದ್ದೂ ತ್ರಿಪದಿಯೇ. ಹಿಂದಿನ ದಿನ ಸಂಜೆಯೇ ನಾನು ಹೊರಟುಬಿಟ್ಟಿದ್ದರೆ ಅವರು ನನ್ನನ್ನು ಗುರುತು ಹಿಡಿದು ಮಾತನಾಡಿಸುವ ಪ್ರಶ್ನೆಯೇ ಇರಲಿಲ್ಲ.

ಊಟಕ್ಕೆ ಬಾದಾಮಿಯ ಹತ್ತಿರದ ಬನಶಂಕರಿಗೆ ಹೋಗಿ. ಗುಡಿಯ ಎದುರಿನ ಹೊಂಡದ ಬಳಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕುಳಿತಿರುತ್ತಾರೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ನೆಲದ ಮೇಲೆ ಕುಳಿತು ಉಣ್ಣಬೇಕು. ಖಾರ ಎಷ್ಟಿದೆ ಎಂದು ಕೇಳುವ ಬದಲು ಮೊಸರನ್ನು ಎರಡು ಕುಡಿಕೆ ತೆಗೆದುಕೊಂಡರೆ ಸಾಕು.

ಎರಡನೆಯ ಸಲ ಹೋದದ್ದು ಬನದ ಹುಣ್ಣಿಮೆಯ ಜಾತ್ರೆಗೆ. ಲಾಡ್ಜಿನಲ್ಲಿ ಫೋನು ಮಾಡಿ ಕೋಣೆ ಹಿಡಿದಿದ್ದೆ. ರಾತ್ರಿ ಎಂಟಕ್ಕೆ ತಲುಪಿದಾಗ ಅದನ್ನು ಬೇರೆ ಕುಟುಂಬಕ್ಕೆ ಕೊಟ್ಟಾಗಿತ್ತು. ಬೆಳಿಗ್ಗೆ ಖಾಲಿಯಾಗುತ್ತದೆ ಎಂದರು. ಊರಿನಲ್ಲಿ ಬೇರೆಲ್ಲೂ ಜಾಗವಿರಲಿಲ್ಲ. ಜಾತ್ರೆಗೆ ಹೋಗುವವರು ಮುಂಗಡ ಕೊಟ್ಟು, ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಫೋನು ಮಾಡಬೇಕೆಂಬುದನ್ನು ಆ ರಾತ್ರಿ ಕಲಿತೆ. ಗಾಬರಿಯಾಗಿತ್ತು, ಇಲ್ಲವೆನ್ನಲಾರೆ. ಬನಶಂಕರಿಯಲ್ಲಿ ಗಿರಮಿಟ್ಟು ಮಾರುತ್ತಿದ್ದ ಅಜ್ಜಿಯ ಮುಂದೆ ಕುಳಿತು ವಿಷಯ ಹೇಳಿದೆ. "ರೂಮ್ ಇಲ್ಲಂದ್ರ ಏನಾತವ್ವಾ, ನಾಟಕ ಐತಲ್ಲ. ಬೆಳತನಕ ಕುಂತ್ರ ಆತು" ಎಂದು ಅವರು ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಜಾತ್ರೆಗೆ ನಾಟಕ ಕಂಪನಿಗಳು ಬಂದು ತಗಡಿನ ಥಿಯೇಟರು ಹಾಕಿ ರಾತ್ರಿಯೆಲ್ಲ ಆಟ ಆಡುತ್ತವೆ. ಮೊದಲ ಆಟ ಮುಗಿದಾಗ ಒಂದೂವರೆಯಾಗಿತ್ತು. ಜನ ಹೊರಗೆ ಬಂದರು, ಅಷ್ಟೇ ಜನ ಒಳಗೆ ಹೋದರು, ನಾನೂ ಪಕ್ಕದ ಕಂಪನಿಯಲ್ಲಿ ಇನ್ನೊಂದು ಟಿಕೆಟು ತೆಗೆದುಕೊಂಡೆ. ನನ್ನ ಸಾಲಿನಲ್ಲಿ ಮೂರು ತಲೆಮಾರಿನ ಹೆಂಗಸರಿದ್ದರು. ಚಳಿಗೆ ತಗಡು ತಣ್ಣಗೆ ಕೊರೆಯುತ್ತಿದ್ದಾಗ ಅವರ ಕೌದಿಯ ಒಂದು ತುದಿ ನನ್ನ ಮಡಿಲಿಗೂ ಬಂತು, ಅದರ ಹಿಂದೆಯೇ ಕೈಗೆ ಒಂದು ಮುಷ್ಟಿ ಹುರಿದ ಶೇಂಗಾ. ಹಾಸ್ಯನಟ ಬಂದಾಗಲೆಲ್ಲ ಅವರಲ್ಲಿ ಹಿರಿಯರಾದ ಅಜ್ಜಿ ಅವನಿಗಿಂತ ಮೊದಲೇ ಅವನ ಮಾತನ್ನು ಹೇಳಿ ನಗುತ್ತಿದ್ದರು, ಇದೇ ನಾಟಕವನ್ನು ಅವರು ಆ ವಾರ ಎರಡನೆಯ ಸಲ ನೋಡುತ್ತಿದ್ದರು. ಒಂಟಿ ಹೆಣ್ಣುಮಗಳು ಅಪರಿಚಿತ ಊರಿನಲ್ಲಿ ರಾತ್ರಿ ಕಳೆಯಲು ಇಷ್ಟು ಸುರಕ್ಷಿತವಾದ ಜಾಗ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಪರದೆ ಬಿದ್ದಾಗ ಹೊರಗೆ ಬೆಳಕು ಹರಿಯುತ್ತಿತ್ತು. ಹೊಂಡದ ಬಳಿ ಮೊಸರಿನ ಕುಡಿಕೆಗಳು ಆಗಲೇ ಬಂದಿದ್ದವು. ಎರಡು ಕುಡಿಕೆ ಮೊಸರು, ಒಂದು ರೊಟ್ಟಿ ತಿಂದು ಬಾದಾಮಿಗೆ ಮೊದಲ ಟಂಟಂ ಹತ್ತಿದೆ. ಲಾಡ್ಜಿನವರು ಕೋಣೆಯ ಬೀಗದ ಕೈ ಕೊಟ್ಟರು. ಮಧ್ಯಾಹ್ನದವರೆಗೆ ಮಲಗಿದೆ. ಇನ್ನೂ ಎರಡು ರಾತ್ರಿ ಬಾಕಿಯಿದ್ದವು.