ನಾಲ್ಕೇ ಹಾಡಿನ ತಕರಾರು

ಅಮೆರಿಕದ ಕಪ್ಪು ಜನರ ‘ಸೋಲ್’ ಸಂಗೀತದ ಹತ್ತು ಶ್ರೇಷ್ಠ ಆಲ್ಬಂಗಳ ಪಟ್ಟಿ ಮಾಡೋಣ ಎಂದು ಯಾರಾದರೂ ಅಂದರೆ ಮೊದಲು ಆ ಗುಂಪಿನಲ್ಲಿ ರೂಲ್ಸ್ ರಾಯರು ಯಾರೆಂದು ಪತ್ತೆ ಹಚ್ಚಿಕೊಳ್ಳಿ. ಹಾಡು ಕೇಳುವವರ ಪ್ರತಿ ಗುಂಪಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ನಿನ್ನೆಯಷ್ಟೇ ಇಂಥ ಒಂದು ಪಟ್ಟಿಯಿಂದ ಗಾಯಕ ಐಸಾಕ್ ಹೇಸ್‌ನ ‘ಹಾಟ್ ಬಟರ್ಡ್ ಸೋಲ್’ ಹೊರಬಿತ್ತು. ಕಾರಣ ಕೇಳಿದರೆ, “ನಾಲ್ಕೇ ಹಾಡು ಕಣ್ರೀ. ಅದನ್ನ ಆಲ್ಬಂ ಅಂತಾರಾ?”

ನಾಲ್ಕೇ ಹಾಡು, ನಿಜ. ಒಟ್ಟು 45 ನಿಮಿಷ. ಹನ್ನೊಂದು ಹನ್ನೆರಡು ಹಾಡು ತುಂಬಿಸಿಕೊಂಡು ಅರ್ಧ ಗಂಟೆಗೇ ಮುಗಿದುಹೋಗುವ ಆಲ್ಬಂಗಳು ಆ ಕಾಲದಲ್ಲಿ ರಾಶಿ ರಾಶಿ. ತರಕಾರಿಯವನ ಹತ್ತಿರ ತೂಕ ನೋಡುವ ರಾಯರು ಇಲ್ಲಿ ಮಾತ್ರ ಎಣಿಕೆಗೆ ನಿಂತುಬಿಡುತ್ತಾರೆ.

ಆ ಆಲ್ಬಂ ಹುಟ್ಟಿದ್ದೇ ಒಂದು ಪೇಚಿನಲ್ಲಿ. 1968ರಲ್ಲಿ, ಸೋಲ್‌ನ ತವರೂರುಗಳಲ್ಲಿ ಒಂದಾದ ಮೆಂಫಿಸ್‌ನ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿ, ತನ್ನ ರೆಕಾರ್ಡುಗಳನ್ನು ಹಂಚುತ್ತಿದ್ದ ಅಟ್ಲಾಂಟಿಕ್ ಕಂಪನಿಯ ಜೊತೆಗಿನ ಸಂಬಂಧ ಕಡಿದುಕೊಂಡಾಗ ಹಳೆಯ ರೆಕಾರ್ಡುಗಳ ಹಕ್ಕೆಲ್ಲ ಅಟ್ಲಾಂಟಿಕ್ ಪಾಲಾಯಿತು. ಅಂಗಡಿ ಇದೆ, ಮಾಲಿಲ್ಲ. ಆಗ ಸ್ಟ್ಯಾಕ್ಸ್ ನಡೆಸುತ್ತಿದ್ದ ಅಲ್ ಬೆಲ್ ಒಟ್ಟಿಗೆ 27 ಆಲ್ಬಂ ತರಲು ಹೊರಟ. ಇಪ್ಪತ್ತೇಳರಲ್ಲಿ ಒಂದು ಹೇಗಿದ್ದರೇನು ಎಂದು ಹೇಸ್‌ನನ್ನು ಅವನ ಪಾಡಿಗೆ ಬಿಟ್ಟರು. ಅಲ್ಲಿಯವರೆಗೆ ಡೇವಿಡ್ ಪೋರ್ಟರ್ ಜೊತೆ ಕೂತು ‘ಸೋಲ್ ಮ್ಯಾನ್’ನಂಥ ಚುಟುಕು ಹಾಡುಗಳನ್ನು ಬೇರೆಯವರಿಗೆ ಬರೆದುಕೊಡುತ್ತಿದ್ದವನು, 1969ರಲ್ಲಿ ‘ವಾಕ್ ಆನ್ ಬೈ’ಗೆ ಹನ್ನೆರಡು ನಿಮಿಷ ತೆಗೆದುಕೊಂಡ. ‘ಬೈ ದ ಟೈಮ್ ಐ ಗೆಟ್ ಟು ಫೀನಿಕ್ಸ್’ಗೆ ಹದಿನೆಂಟೂವರೆಗಿಂತ ಹೆಚ್ಚು.

ಈ ಫೀನಿಕ್ಸ್ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಜಿಮ್ಮಿ ವೆಬ್ ಬರೆದ ಹಾಡು. ಗ್ಲೆನ್ ಕ್ಯಾಂಪ್‌ಬೆಲ್ 1967ರಲ್ಲಿ ಹಾಡಿದಾಗ, ಪ್ರೇಯಸಿಯನ್ನು ಬಿಟ್ಟು ಹೊರಟವನು ಮೂರು ನಿಮಿಷದೊಳಗೆ ಫೀನಿಕ್ಸ್ ದಾಟಿ, ಅಲ್ಬುಕರ್ಕಿ ದಾಟಿ, ಒಕ್ಲಹೋಮ ಮುಟ್ಟಿಬಿಡುತ್ತಾನೆ. ಹೇಸ್‌ನ ಕೈಯಲ್ಲಿ ಅಷ್ಟು ಹೊತ್ತಿಗೆ ಆ ಮನುಷ್ಯ ಮನೆಯನ್ನೇ ಬಿಟ್ಟಿರುವುದಿಲ್ಲ. ಆರ್ಗನ್ ಒಂದೇ ಸ್ವರಮೇಳ ಹಿಡಿದು ಕೂತಿದೆ, ಬಾಸ್ ಒಂದೇ ಜಾಗದಲ್ಲಿ ಮಿಡಿಯುತ್ತಿದೆ, ಡ್ರಮ್ಮಿನವನ ಸಿಂಬಲ್ ಗಡಿಯಾರದ ಹಾಗೆ ನಡೆಯುತ್ತಿದೆ. ಹೇಸ್ ಮಾತಾಡುತ್ತಿದ್ದಾನೆ. ಅವನೆಷ್ಟು ಒಳ್ಳೆಯವನು, ಅವಳು ಏನು ಮಾಡಿದಳು, ಅವನು ಹೇಗೆ ಕ್ಷಮಿಸಿದ, ಆಮೇಲೆ ಅವಳು ಮತ್ತೇನು ಮಾಡಿದಳು. ಎಂಟು ನಿಮಿಷ ದಾಟಿದ ಮೇಲೆ ಹಾಡು ಶುರು.

ರಾಯರು ಇದನ್ನು ಕೇಳುವ ಪರಿ ನೋಡಬೇಕು. ಎರಡನೇ ನಿಮಿಷಕ್ಕೆ ವಾಲ್ಯೂಮ್ ಏರಿಸುತ್ತಾರೆ. ನಾಲ್ಕನೆಯದಕ್ಕೆ ಬ್ಲೂಟೂತ್ ಬೇರೆ ಯಾವುದಕ್ಕೋ ಕನೆಕ್ಟ್ ಆಗಿದೆಯಾ ಎಂದು ಪರೀಕ್ಷೆ. ಐದಕ್ಕೆ “ಇದು ಪಾಡ್‌ಕಾಸ್ಟಾ?” ಆರಕ್ಕೆ ತಡೆಯಲಾರದೆ ಪರದೆಯ ಮೇಲೆ ಬೆರಳು ಎಳೆಯುತ್ತಾರೆ. ಬೆರಳು ನೇರ ಹದಿನೈದನೇ ನಿಮಿಷಕ್ಕೆ ಹೋಗಿ ಬೀಳುತ್ತದೆ. ಅಲ್ಲಿ ತುತ್ತೂರಿ, ಪಿಟೀಲು, ಹೇಸ್‌ನ ಗೋಳು ಎಲ್ಲ ಒಟ್ಟಿಗೆ ಉಕ್ಕುತ್ತಿರುತ್ತವೆ. ಏರಿಸಿಟ್ಟ ವಾಲ್ಯೂಮ್ ಏರಿಸಿದ ಹಾಗೇ ಇದೆ. ರಾಯರು ಬೆಚ್ಚಿಬಿದ್ದು ತೀರ್ಪು ಕೊಡುತ್ತಾರೆ: “ಬರೀ ಗದ್ದಲ.” ಹರಿಕಥೆ ದಾಸರು ಪೀಠಿಕೆಗೆ ಅರ್ಧ ಗಂಟೆ ತೆಗೆದುಕೊಂಡರೆ ತಲೆದೂಗುವವರೂ ಇವರೇ. ಹೇಸ್‌ನ ಆ ಪೀಠಿಕೆಯ ಮಾತು ಹುಟ್ಟಿದ್ದಾದರೂ ಯಾಕೆ? ಮೆಂಫಿಸ್‌ನ ಒಂದು ಕ್ಲಬ್ಬಿನಲ್ಲಿ ಜನ ತಮ್ಮ ಪಾಡಿಗೆ ಹರಟುತ್ತಿದ್ದರು, ಅವರ ಬಾಯಿ ಮುಚ್ಚಿಸಲು ಹೇಸ್ ತಾನೇ ಮಾತಿಗಿಳಿದ. ರಾಯರಂಥವರಿಗೆಂದೇ ಮಾಡಿದ ಔಷಧಿ, ಅವರಿಗೇ ಹತ್ತುತ್ತಿಲ್ಲ.

ಎಲ್‌ಪಿಯಲ್ಲೇ, ಅಂದರೆ ಸೂಜಿ ಇಟ್ಟು ಕೇಳುವ ದೊಡ್ಡ ತಟ್ಟೆಯಲ್ಲೇ, ಕೇಳುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೆರಡು, ಆರಾಮಾಗಿ ಹಿಡಿಸುತ್ತದೆ. ಇದರ ಎರಡನೇ ಮಗ್ಗುಲು 24 ನಿಮಿಷದ ಹತ್ತಿರ. ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಹಾಗೆ ಕೊರೆಯಲು ಶಬ್ದದ ಮಟ್ಟ ತಗ್ಗಿಸಬೇಕು. ಮೆಲುಮಾತಿನ ಎಂಟು ನಿಮಿಷದಲ್ಲಿ ಪ್ರತಿ ಧೂಳಿನ ಕಣವೂ ಚಟಪಟ ಎನ್ನುತ್ತದೆ. ಹಚ್ಚುವ ಮುಂಚೆ ಬ್ರಷ್ ಆಡಿಸಿ. ಅಬ್ಬರದ ಭಾಗ ಬರುವುದು ತಟ್ಟೆಯ ನಡುವಿನ ಲೇಬಲ್ಲಿನ ಹತ್ತಿರದ ಒಳಸುತ್ತುಗಳಲ್ಲಿ. ಅಲ್ಲಿ ಸೂಜಿಯ ಕೆಳಗೆ ಗೆರೆ ಸರಿಯುವ ವೇಗ ಹೊರಸುತ್ತಿನ ಅರ್ಧದಷ್ಟಕ್ಕೆ ಇಳಿದಿರುತ್ತದೆ, ಸೂಜಿ ಸ್ವಲ್ಪ ಸವೆದಿದ್ದರೂ ಪಿಟೀಲು ಕರಕರ. ತಪ್ಪು ಹೇಸ್‌ನದಲ್ಲ. ಸೂಜಿ ಬದಲಿಸಿ.

ರಾಯರ ಉಳಿದ ನಿಯಮಗಳು ಬೇಗ ಮುಗಿಯುತ್ತವೆ, ಹಾನಿ ಮಾತ್ರ ದೊಡ್ಡದು. ‘ಗ್ರೇಟೆಸ್ಟ್ ಹಿಟ್ಸ್’ ಸೇರಿಸುವಂತಿಲ್ಲ ಎಂದರು. ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಅರವತ್ತರ ದಶಕದ ಅರ್ಧ ಸಂಪತ್ತು ಹೋಯಿತು, ಯಾಕೆಂದರೆ ಅವರು ದುಡಿದದ್ದೇ ಬಿಡಿಬಿಡಿಯಾಗಿ ಮಾರುವ ಮೂರು ನಿಮಿಷದ ಹಾಡುಗಳಿಗಾಗಿ, ಅಂದರೆ ಸಿಂಗಲ್‌ಗಳಿಗಾಗಿ. ಲೈವ್ ಬೇಡ ಎಂದರು. ಜೇಮ್ಸ್ ಬ್ರೌನ್ 1962ರ ಅಕ್ಟೋಬರ್ 24ರಂದು ನ್ಯೂಯಾರ್ಕಿನ ಅಪೊಲೊ ಥಿಯೇಟರಿನಲ್ಲಿ ಹಾಡಿದ್ದು ಹೋಯಿತು. ಅವನ ರೆಕಾರ್ಡ್ ಕಂಪನಿ ಕಿಂಗ್‌ನ ಯಜಮಾನ ಸಿಡ್ ನೇಥನ್ ಬೇಡವೆಂದರೂ ಬ್ರೌನ್ ಕೈಯಿಂದ ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದ ಆಲ್ಬಂ ಅದು. 1980ರ ಈಚಿನದು ಬೇಡ ಎಂದರು. ಸ್ಯಾಮ್ ಕುಕ್ 1963ರ ಜನವರಿಯಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಗಂಟಲು ಹರಿಯುವಂತೆ ಹಾಡಿದ್ದನ್ನು ಕಂಪನಿ ಹೊರತಂದದ್ದೇ 1985ರಲ್ಲಿ. 1964ರಲ್ಲಿ ತೀರಿಕೊಂಡವನು ರಾಯರ ಲೆಕ್ಕದಲ್ಲಿ ಎಂಬತ್ತರ ದಶಕದ ಹೊಸಬ.

ಸ್ಲೈ ಸ್ಟೋನ್‌ನ ‘ದೇರ್ಸ್ ಎ ರಯಟ್ ಗೋಯಿನ್ ಆನ್’ ಸೋಲ್ ಅಲ್ಲ, ಅದರಿಂದ ಕವಲೊಡೆದ ಫಂಕ್ ಎಂಬ ಕಾರಣಕ್ಕೆ ಹೋಯಿತು. ಅದರ ಶೀರ್ಷಿಕೆ ಗೀತೆಯ ಅವಧಿ ಕವರಿನ ಮೇಲೆ 0:00 ಎಂದಿರುವುದು ರಾಯರ ಕಣ್ಣಿಗೆ ಇನ್ನೂ ಬಿದ್ದಿಲ್ಲ, ದಯವಿಟ್ಟು ಯಾರೂ ಹೇಳಬೇಡಿ. ಇಂಗ್ಲೆಂಡಿನ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್‌ಳ ‘ಡಸ್ಟಿ ಇನ್ ಮೆಂಫಿಸ್’ ಮಾತ್ರ “ಊರಿನ ಹೆಸರೇ ಇದೆಯಲ್ಲ” ಎಂದು ಒಳಗೆ ಬಂತು. ವಾದ್ಯದವರು ನುಡಿಸಿದ್ದು ಮೆಂಫಿಸ್‌ನಲ್ಲಿ ಸರಿ. ಡಸ್ಟಿ ಅಲ್ಲಿ ಹಾಡಲಾಗದೆ ಕೊನೆಗೆ ದನಿ ಕೊಟ್ಟದ್ದು ನ್ಯೂಯಾರ್ಕಿನಲ್ಲಿ. ಒಳ್ಳೆಯ ಆಲ್ಬಮ್ಮೇ, ಬಂದ ದಾರಿ ಮಾತ್ರ ಹೀಗೆ.

ಇನ್ನು ಮತ ಎಣಿಕೆ. ಮೊದಲ ಸ್ಥಾನಕ್ಕೆ ಹತ್ತು ಅಂಕ, ಹತ್ತನೆಯದಕ್ಕೆ ಒಂದು ಎಂಬ ಪದ್ಧತಿ ನೋಡಲು ನ್ಯಾಯವಾಗಿದೆ. ಐದು ಜನ ಇದ್ದೀರಿ ಎನ್ನಿ. ಮೂವರು ಒಂದನ್ನು ತಲೆಯ ಮೇಲೆ ಹೊತ್ತು ಮೊದಲ ಸ್ಥಾನ ಕೊಟ್ಟರು, ಇಬ್ಬರು ಬಿಟ್ಟರು: 30 ಅಂಕ. ಇನ್ನೊಂದನ್ನು ಐವರೂ ‘ಪರವಾಗಿಲ್ಲ’ ಎಂದು ನಾಲ್ಕನೆಯದಾಗಿ ಬರೆದರು: 35 ಅಂಕ. ಗೆದ್ದದ್ದು ಪರವಾಗಿಲ್ಲ! ಸ್ಟೀವಿ ವಂಡರ್ ಕಥೆ ಇನ್ನೂ ಕಷ್ಟ. 1972ರಿಂದ 1976ರೊಳಗೆ ಐದು ಆಲ್ಬಂ, ಅವುಗಳಲ್ಲಿ ಮೂರಕ್ಕೆ ವರ್ಷದ ಆಲ್ಬಂ ಎಂಬ ಗ್ರ್ಯಾಮಿ. ನಡುವೆ 1976ರ ಸಮಾರಂಭದಲ್ಲಿ ಗೆದ್ದ ಪಾಲ್ ಸೈಮನ್, ಈ ವರ್ಷ ಆಲ್ಬಂ ಮಾಡದ್ದಕ್ಕೆ ಸ್ಟೀವಿಗೇ ಧನ್ಯವಾದ ಹೇಳಿದ. ನಮ್ಮ ಪಟ್ಟಿಯಲ್ಲಿ ಒಬ್ಬರು ‘ಟಾಕಿಂಗ್ ಬುಕ್’, ಇನ್ನೊಬ್ಬರು ‘ಇನ್ನರ್‌ವಿಷನ್ಸ್’, ಮತ್ತೊಬ್ಬರು ‘ಸಾಂಗ್ಸ್ ಇನ್ ದ ಕೀ ಆಫ್ ಲೈಫ್’ ಎಂದು ಮತ ಒಡೆದು ಆಸಾಮಿ ಠೇವಣಿ ಕಳೆದುಕೊಳ್ಳುತ್ತಾನೆ. ಇದಕ್ಕೆ ಮದ್ದಿದೆ: ಮೊದಲ ಸುತ್ತಿನಲ್ಲಿ ಗಾಯಕರಿಗೆ ಮತ, ಎರಡನೆಯದರಲ್ಲಿ ಅವರವರ ಆಲ್ಬಂಗಳಿಗೆ. ರಾಯರು ಎರಡು ಸುತ್ತಿಗೆ ಒಪ್ಪುತ್ತಿಲ್ಲ, ಎಕ್ಸೆಲ್ ಶೀಟಿನಲ್ಲಿ ಕಾಲಮ್ ಇಲ್ಲವಂತೆ.

ಮೋಟೌನ್‌ನಲ್ಲೂ ಶುಕ್ರವಾರದ ಸಭೆಗಳಲ್ಲಿ ಯಾವ ಹಾಡು ಹೊರಬರಬೇಕೆಂದು ಮತ ಹಾಕುತ್ತಿದ್ದರು. ಅಷ್ಟೆಲ್ಲ ಶಿಸ್ತಿನ ಯಜಮಾನ ಬೆರಿ ಗಾರ್ಡಿಗೆ ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಹಿಡಿಸಲಿಲ್ಲ. 1971ರ ಜನವರಿಯಲ್ಲಿ ಸಿಂಗಲ್ ಹೊರಬಿದ್ದು ಬಿಸಿದೋಸೆಯಂತೆ ಖರ್ಚಾದ ಮೇಲೆ, ಮೇ ತಿಂಗಳಲ್ಲಿ ಆಲ್ಬಂ. ರೋಲಿಂಗ್ ಸ್ಟೋನ್ ಪತ್ರಿಕೆಯ 2003ರ ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಅದಕ್ಕೆ ಆರನೇ ಸ್ಥಾನ, 2020ರಲ್ಲಿ ಒಂದನೇ ಸ್ಥಾನ. ಮೊದಲು ಒಂದರಲ್ಲಿ ಕೂತಿದ್ದ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’ 24ಕ್ಕೆ ಇಳಿಯಿತು. ಹಾಡುಗಳು ಅವೇ, ಮತ ಹಾಕಿದವರು ಬೇರೆ.

ಬೇರೆಯವರ ಹಾಡು ಹಾಡಿದರೆ ಅಂಕ ಕಡಿತ ಎಂಬ ನಿಯಮ ಬಂದಾಗ ಮಾತ್ರ ನಗು ಬರಲಿಲ್ಲ. ‘ಓಟಿಸ್ ಬ್ಲೂ’ದಲ್ಲಿ ಹನ್ನೊಂದು ಹಾಡು, ಓಟಿಸ್ ರೆಡ್ಡಿಂಗ್ ಬರೆಯಲು ಕೈಹಾಕಿದ್ದು ಮೂರಕ್ಕೆ. ಅವುಗಳಲ್ಲಿ ಒಂದಾದ ‘ರೆಸ್ಪೆಕ್ಟ್’ ಅನ್ನು 1967ರಲ್ಲಿ ಅರೀತಾ ಫ್ರಾಂಕ್ಲಿನ್ ಹಾಡಿ ತನ್ನದೇ ಮಾಡಿಕೊಂಡಳು. ‘ಓಟಿಸ್ ಬ್ಲೂ’ವನ್ನು 1965ರ ಜುಲೈಯಲ್ಲಿ ಹೆಚ್ಚುಕಡಿಮೆ ಒಂದು ದಿನದೊಳಗೆ ಮುಗಿಸಿದರು. ನಡುವೆ ರಾತ್ರಿ ವಾದ್ಯದವರು ಹೊಟ್ಟೆಪಾಡಿನ ಕಾರ್ಯಕ್ರಮಗಳಿಗೆ ಹೋಗಿ ನುಡಿಸಿ ಮತ್ತೆ ಬಂದರು. ಅದರಲ್ಲಿ ಮೂರು ಹಾಡು ಸ್ಯಾಮ್ ಕುಕ್‌ನವು. ಕುಕ್ ಗುಂಡೇಟಿಗೆ ಸತ್ತು ಆಗಿನ್ನೂ ಏಳು ತಿಂಗಳು. ಅವನ ‘ಎ ಚೇಂಜ್ ಈಸ್ ಗೊನ್ನಾ ಕಮ್’ ಹಾಡುವಾಗ ಓಟಿಸ್‌ಗೆ 23 ವರ್ಷ. 26ಕ್ಕೆ ಅವನೂ ವಿಮಾನ ಅಪಘಾತದಲ್ಲಿ ಹೋದ. ಇದಕ್ಕೆ ಎಷ್ಟು ಅಂಕ ಕಡಿತ ಮಾಡಬೇಕೆಂದು ಶೀಟು ತೆರೆದು ಕೂತವರನ್ನು ನೋಡಿದರೆ ಮಾತೇ ಹೊರಡುವುದಿಲ್ಲ.

ಈಗ ಬಾಕಿ ಇರುವುದು ಹತ್ತನೇ ಸ್ಥಾನ, ಅದಕ್ಕೆ ಬಿಲ್ ವಿದರ್ಸ್‌ನ 1971ರ ‘ಜಸ್ಟ್ ಆಸ್ ಐ ಆಮ್’. ವಿಮಾನದ ಶೌಚಾಲಯಗಳಿಗೆ ಆಸನ ಮಾಡುವ ಕೆಲಸದಲ್ಲಿದ್ದವನು. ಕವರಿನಲ್ಲಿ ಕೈಯಲ್ಲಿ ಊಟದ ಡಬ್ಬಿ ಹಿಡಿದೇ ನಿಂತಿದ್ದಾನೆ. ‘ಏಂಟ್ ನೋ ಸನ್‌ಶೈನ್’ ಹಾಡಿನ ನಡುವೆ ಸಾಲು ಹೊಳೆಯದೆ “ಐ ನೋ, ಐ ನೋ” ಎನ್ನುತ್ತ ಹೋದ. ಆಮೇಲೆ ಬರೆದು ತುಂಬುತ್ತೇನೆ ಎಂದರೆ ಜೊತೆಗಿದ್ದವರು ಹಾಗೇ ಇರಲಿ ಎಂದರು. ರಾಯರು ತಕರಾರು ದಾಖಲಿಸಿದ್ದಾರೆ: ಸಾಹಿತ್ಯ ಅಪೂರ್ಣ, ಒಂದೇ ಮಾತು 26 ಸಲ. ಲೆಕ್ಕ ಸರಿಯಾಗಿಯೇ ಇದೆ. ಇಪ್ಪತ್ತಾರನ್ನೂ ಎಣಿಸಬೇಕಾದರೆ ಬೆರಳು ಎಳೆಯದೆ ಕೇಳಿರಬೇಕು; ಹಾಗಾಗಿ ರಾಯರ ಮತವನ್ನು ವಿದರ್ಸ್ ಹೆಸರಿಗೆ ಬರೆದುಕೊಂಡಾಗಿದೆ, ಅವರಿಗೆ ಇನ್ನೂ ತಿಳಿಸಿಲ್ಲ.